80 ಡಾಲರ್ ಗೇಮ್: ಬೆಲೆ ಕಟ್ಟುವವರು ಅವರಾ, ನಾವಾ?

ಕೋಟೆಬೀದಿ · ನವೆಂಬರ್ 2025

ಈ ವರ್ಷ ಗೇಮ್ ಬೆಲೆ ವಿಚಾರದಲ್ಲಿ ಎರಡು ಸಂಗತಿ ನಡೆದವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಕೈಯಲ್ಲಿ ಎಷ್ಟಿದೆ, ಎಷ್ಟಿಲ್ಲ ಅನ್ನೋದು ಗೊತ್ತಾಗುತ್ತದೆ.

ಮೊದಲನೆಯದು ಜಪಾನಿನ ಗೇಮ್ ಕಂಪನಿ ನಿಂಟೆಂಡೊ. ಏಪ್ರಿಲ್‌ನಲ್ಲಿ ಸ್ವಿಚ್ 2 ಅನ್ನುವ ಹೊಸ ಕನ್ಸೋಲ್ (ಗೇಮ್ ಆಡುವ ಯಂತ್ರ) ಜೊತೆ ‘ಮಾರಿಯೋ ಕಾರ್ಟ್ ವರ್ಲ್ಡ್’ ಘೋಷಿಸಿದರು. ಬೆಲೆ 80 ಡಾಲರ್. ಅವರ ಲೈವ್ ವಿಡಿಯೋ ನಡೆಯುವಾಗ ಚಾಟ್ ತುಂಬಾ ಜನ ‘ಬೆಲೆ ಇಳಿಸಿ’ ಅಂತಲೇ ಬರೆದರು. ಒಂದು ಡಾಲರ್ ಕೂಡ ಇಳಿಸಲಿಲ್ಲ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕನ್ಸೋಲ್ ಜೊತೆ ಬಂದ ಬಂಡಲ್‌ಗಳೂ ಸೇರಿ 95 ಲಕ್ಷಕ್ಕಿಂತ ಜಾಸ್ತಿ ಕಾಪಿ ಹೋಗಿವೆ.

ಎರಡನೆಯದು ಮೈಕ್ರೋಸಾಫ್ಟ್. ಜೂನ್‌ನಲ್ಲಿ ‘ದಿ ಔಟರ್ ವರ್ಲ್ಡ್ಸ್ 2’ಕ್ಕೆ 80 ಡಾಲರ್ ಹಾಕಿದರು. ಅವರ ಗೇಮ್ ವಿಭಾಗ ಎಕ್ಸ್‌ಬಾಕ್ಸ್ ಕಡೆಯಿಂದ ಆ ಬೆಲೆಗೆ ಬಂದ ಮೊದಲ ಗೇಮ್ ಅದು. ಜುಲೈ ಮುಗಿಯುವುದರೊಳಗೆ 70ಕ್ಕೆ ಇಳಿಸಿದರು. ಮುಂಗಡ ಬುಕ್ ಮಾಡಿದವರಿಗೆ ಮಿಕ್ಕ ದುಡ್ಡು ವಾಪಸ್. ಗೇಮ್‌ನಲ್ಲಿ ಏನೂ ಕಡಿತ ಆಗಿರಲಿಲ್ಲ.

ಬೈಗುಳ ಎರಡು ಕಡೆಯೂ ಬಿತ್ತು. ಹಾಗಿದ್ದರೆ ಒಬ್ಬರು ಯಾಕೆ ಜಗ್ಗಲಿಲ್ಲ, ಇನ್ನೊಬ್ಬರು ಯಾಕೆ ಹಿಂದೆ ಸರಿದರು? ನನಗೆ ಅನಿಸುವುದು ಇಷ್ಟು: ಹೊಸ ಸ್ವಿಚ್ 2 ತಂದುಕೊಂಡವರಿಗೆ ಆ ಕನ್ಸೋಲ್‌ಗೆ ಅಂತಲೇ ಮಾಡಿದ ಇನ್ನೊಂದು ದೊಡ್ಡ ಗೇಮ್ ಆಗ ಇರಲೇ ಇಲ್ಲ, ಅವರಿಗೆ ಕಾಯುವ ದಾರಿ ಇರಲಿಲ್ಲ. ಔಟರ್ ವರ್ಲ್ಡ್ಸ್ ಆಡಬೇಕು ಅಂದುಕೊಂಡವರಿಗೆ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಇತ್ತು, ತಿಂಗಳ ಚಂದಾ ಕೊಟ್ಟರೆ ಹಲವು ಗೇಮ್ ಆಡಲು ಸಿಗುವ ಮೈಕ್ರೋಸಾಫ್ಟ್‌ನ ಗೇಮ್ ಪಾಸ್ ಇತ್ತು, ಆಡದೇ ಬಿಟ್ಟ ಗೇಮ್‌ಗಳ ರಾಶಿ ಮನೆಯಲ್ಲೇ ಇತ್ತು. ಕಾಯಬಲ್ಲವರ ಎದುರು ಕಂಪನಿ ಸೋಲುತ್ತದೆ. ಇದನ್ನು ಒಪ್ಪುತ್ತೀರಾ? ಇಲ್ಲ ಅಂದರೆ ಯಾಕಿಲ್ಲ ಅಂತ ಬರೆಯಿರಿ.

ಹಳೇಕ್ಯಾಸೆಟ್

ಕಾಯುವುದರ ಬಗ್ಗೆ ನಿಮ್ಮ ಮಾತು ಒಪ್ಪಿದೆ. ಆದರೆ 80 ಡಾಲರ್ ಅಂದ ಕೂಡಲೇ ತುಂಬಾ ಜನ ಲೂಟಿ ಅನ್ನುತ್ತಾರೆ, ಅದು ಸರಿಯಲ್ಲ. 1995ರಲ್ಲೇ ಅಮೆರಿಕದಲ್ಲಿ ಸೂಪರ್ ನಿಂಟೆಂಡೊದ ‘ಕ್ರೋನೋ ಟ್ರಿಗರ್’ 80 ಡಾಲರ್‌ಗೆ ಮಾರಾಟ ಆಗಿತ್ತು. 2005ರಲ್ಲಿ ಎಕ್ಸ್‌ಬಾಕ್ಸ್ 360 ಬಂದಾಗ 60 ಡಾಲರ್ ಅಂತ ರೂಢಿಯಾಯಿತು. ಅದು 2020ರವರೆಗೆ ಹಾಗೇ ನಿಂತಿತು, ಆಮೇಲೆ 70. ಹಣದುಬ್ಬರ ಲೆಕ್ಕ ಹಾಕಿದರೆ 2005ರ 60 ಡಾಲರ್ ಅಂದರೆ ಇವತ್ತು 90ಕ್ಕೂ ಮೇಲೆ. ಅಂದರೆ ಗೇಮ್ ಒಂದು ರೀತಿಯಲ್ಲಿ ಅಗ್ಗವೇ ಆಗಿದೆ.

ಮಾಡುವ ಖರ್ಚು ನೋಡಿ. 2023ರಲ್ಲಿ ಆಕ್ಟಿವಿಷನ್ ಅನ್ನುವ ಗೇಮ್ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಳ್ಳುವುದರ ಕೇಸು ಅಮೆರಿಕದ ಕೋರ್ಟಿನಲ್ಲಿ ನಡೆಯುವಾಗ ಪ್ಲೇಸ್ಟೇಷನ್ ಮಾಡುವ ಸೋನಿ ಒಂದು ದಾಖಲೆ ಕೊಟ್ಟಿತು. ಗುಟ್ಟಿನ ಅಂಕಿಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ ಕಪ್ಪು ಬಳಿದು ಸ್ಕ್ಯಾನ್ ಮಾಡಿದ್ದರು. ಸ್ಕ್ಯಾನ್‌ನಲ್ಲಿ ಕಪ್ಪಿನ ಕೆಳಗಿನ ಅಕ್ಷರ ಓದುವಷ್ಟು ಕಾಣುತ್ತಿತ್ತು. ಸೋನಿಯದೇ ಗೇಮ್ ‘ದಿ ಲಾಸ್ಟ್ ಆಫ್ ಅಸ್ 2’ಕ್ಕೆ 22 ಕೋಟಿ ಡಾಲರ್, ‘ಹೊರೈಜನ್ ಫರ್ಬಿಡನ್ ವೆಸ್ಟ್’ಗೆ 21 ಕೋಟಿ ಚಿಲ್ಲರೆ. ಇಷ್ಟು ಸುರಿದವರು ಎಲ್ಲಿಂದಾದರೂ ವಾಪಸ್ ತೆಗೆಯಲೇಬೇಕಲ್ವಾ.

ಶಿವಮೊಗ್ಗ_ಪಿಸಿ

ಸರ್, 1995ರಲ್ಲಿ ಗೇಮ್ ಬರುತ್ತಿದ್ದ ಒಂದೊಂದು ಕಾರ್ಟ್ರಿಡ್ಜ್ ಒಳಗೂ ಚಿಪ್ ಇರುತ್ತಿತ್ತು. ಅದಕ್ಕೆ ಖರ್ಚು, ಡಬ್ಬಿಗೆ ಖರ್ಚು, ಅಂಗಡಿಯವನಿಗೆ ಪಾಲು. ಈಗ ಡೌನ್‌ಲೋಡ್. ಒಂದು ಕೋಟಿನೇ ಕಾಪಿಗೆ ಅವರಿಗೆ ಏನು ಖರ್ಚು? ಕೊಳ್ಳುವ ಜನ ಆಗಿಗಿಂತ ಎಷ್ಟೋ ಪಟ್ಟು ಜಾಸ್ತಿ ಆಗಿದ್ದಾರೆ. ಮೇಲಿಂದ ಡೀಲಕ್ಸ್ ಎಡಿಷನ್, ಮೂರು ದಿನ ಮುಂಚೆ ಆಡಲು ಬೇರೆ ದುಡ್ಡು, ಬಹುಮಾನ ತೆರೆಯಲು ಬ್ಯಾಟಲ್ ಪಾಸ್, ಪಾತ್ರದ ವೇಷ ಬದಲಿಸಲು ಸ್ಕಿನ್. ಇವನ್ನೆಲ್ಲ ಬಿಟ್ಟು ಬರೀ ಡಬ್ಬಿ ಬೆಲೆಗೆ ಹಣದುಬ್ಬರ ಕಟ್ಟಿದರೆ ಆ ಲೆಕ್ಕ ಅರ್ಧವೇ.

ಇನ್ನು 22 ಕೋಟಿ ಡಾಲರ್ ಖರ್ಚು ಮಾಡಿ ಅಂತ ನಾವು ಕೇಳಿದ್ದೆವಾ? ಫ್ರಾನ್ಸಿನ ಮೊಂಪೆಲಿಯೆ ಊರಿನ ಸ್ಯಾಂಡ್‌ಫಾಲ್ ಅನ್ನೋ ಸ್ಟುಡಿಯೋ ಈ ಏಪ್ರಿಲ್‌ನಲ್ಲಿ ‘ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33’ ಬಿಟ್ಟಿತು. ಬೆಲೆ 50 ಡಾಲರ್, ಗೇಮ್ ಪಾಸ್‌ನಲ್ಲಿ ಮೊದಲ ದಿನವೇ ಇತ್ತು. ಆದರೂ ಮೂರು ದಿನದಲ್ಲಿ 10 ಲಕ್ಷ ಕಾಪಿ. ಸೆಪ್ಟೆಂಬರ್‌ನಲ್ಲಿ ‘ಹಾಲೋ ನೈಟ್: ಸಿಲ್ಕ್‌ಸಾಂಗ್’ 20 ಡಾಲರ್‌ಗೆ ಬಂತು, ಒಂದೇ ಸಲಕ್ಕೆ ಎಲ್ಲರೂ ಮುಗಿಬಿದ್ದು ಸ್ಟೀಮ್ ಸಮೇತ ಅಂಗಡಿಗಳೇ ಮಲಗಿದವು. ಜನ ದುಡ್ಡು ಕೊಡಲು ತಯಾರಿದ್ದಾರೆ. ಯಾವುದಕ್ಕೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯ. ಅಮೆರಿಕದ ಹಣದುಬ್ಬರ ನಮಗೆ ಯಾಕೆ? ನಮ್ಮ ಸಂಬಳ ರೂಪಾಯಿಯಲ್ಲಿ. ಸೋನಿಯ ಪಿಎಸ್5 (ಪ್ಲೇಸ್ಟೇಷನ್ 5) ಕನ್ಸೋಲ್‌ನ ದೊಡ್ಡ ಗೇಮ್ ಇಲ್ಲಿ 4,999 ರೂಪಾಯಿ. ಶಿವಮೊಗ್ಗದಲ್ಲಿ ಅದು ಒಂದು ರೂಮಿನ ಬಾಡಿಗೆ.

ರಾತ್ರಿಪಾಳಿ

ಕೋಟೆಬೀದಿಯವರು ಬೈಗುಳಕ್ಕೆ ಬೆಲೆಯೇ ಇಲ್ಲ ಅನ್ನುವ ಹಾಗೆ ಬರೆದಿದ್ದಾರೆ. ಅದಕ್ಕೆ 2017ರ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ನೆನಪಿಸಬೇಕು. ಹೊಸಬರು ಎಷ್ಟೋ ಜನ ಇದನ್ನು ನೋಡಿರಲಿಕ್ಕಿಲ್ಲ.

60 ಡಾಲರ್ ಕೊಟ್ಟು ಗೇಮ್ ಕೊಂಡರೂ ಸ್ಟಾರ್ ವಾರ್ಸ್‌ನ ಹೆಸರಾಂತ ಪಾತ್ರ ಡಾರ್ತ್ ವೇಡರ್ ಆಗಿ ಆಡಲು ಆಗುತ್ತಿರಲಿಲ್ಲ. ಅವನನ್ನು ತೆರೆಯಲು 60,000 ಕ್ರೆಡಿಟ್ (ಗೇಮ್ ಒಳಗಿನ ದುಡ್ಡು) ಬೇಕಿತ್ತು. ಒಂದೊಂದು ಪಂದ್ಯಕ್ಕೆ ಎಷ್ಟು ಕ್ರೆಡಿಟ್ ಸಿಗುತ್ತದೆ ಅಂತ ಒಬ್ಬ ಆಟಗಾರ ಬರೆದಿಟ್ಟುಕೊಂಡು ಲೆಕ್ಕ ಹಾಕಿದ. ಇಂಥ ಒಬ್ಬ ಹೀರೋಗೆ ಸುಮಾರು 40 ಗಂಟೆ ಆಡಬೇಕು. ಅಷ್ಟು ಹೊತ್ತು ಇಲ್ಲದವರಿಗೆ ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆ, ಅಂದರೆ ಲೂಟ್ ಬಾಕ್ಸ್ ಇತ್ತು, ದುಡ್ಡು ಕೊಟ್ಟು ಅದೃಷ್ಟ ನೋಡಿಕೊಳ್ಳಿ ಅಂತ. ಗೇಮ್ ಹೊರತಂದ ಇಎ ಕಂಪನಿ ರೆಡಿಟ್‌ನಲ್ಲಿ ಸಮಜಾಯಿಷಿ ಕೊಟ್ಟಿತು: ಕಷ್ಟಪಟ್ಟು ಹೀರೋನ ಗಳಿಸಿದರೆ ಹೆಮ್ಮೆ ಅನಿಸಲಿ ಅಂತ ಹೀಗೆ ಮಾಡಿದ್ದೇವೆ ಅನ್ನುವ ಅರ್ಥದಲ್ಲಿ. ಆ ಕಾಮೆಂಟಿಗೆ ಆರೂವರೆ ಲಕ್ಷಕ್ಕಿಂತ ಜಾಸ್ತಿ ಡೌನ್‌ವೋಟ್ ಬಿದ್ದು ಗಿನ್ನೆಸ್ ದಾಖಲೆಗೆ ಹೋಯಿತು. ಮೊದಲು ಹೀರೋ ಬೆಲೆ ಮುಕ್ಕಾಲು ಪಾಲು ಇಳಿಸಿದರು. ಅದೂ ಸಾಲದೆ ಬಿಡುಗಡೆಯ ಹಿಂದಿನ ರಾತ್ರಿ ಗೇಮ್ ಒಳಗಿನ ಮಾರಾಟವನ್ನೇ ನಿಲ್ಲಿಸಿದರು. 2018ರಲ್ಲಿ ಬೆಲ್ಜಿಯಂ ಸರ್ಕಾರ ದುಡ್ಡು ಕೊಟ್ಟು ಕೊಳ್ಳುವ ಲೂಟ್ ಬಾಕ್ಸ್ ಜೂಜು ಅಂತ ಹೇಳಿತು.

ಅದು ಬರೀ ಕೂಗಾಟದಿಂದ ಆದದ್ದು, ಯಾರೂ ಅಂಗಡಿ ಮುಂದೆ ಹೋಗಿ ಕೂರಲಿಲ್ಲ. ಜೊತೆಗೆ ಒಬ್ಬ ಕೂತು ಮಾಡಿದ ಲೆಕ್ಕ ಇತ್ತು. ಬರೀ ‘ಮೋಸ ಮೋಸ’ ಅಂದಿದ್ದರೆ ಅಷ್ಟು ಹಬ್ಬುತ್ತಿರಲಿಲ್ಲ, ‘40 ಗಂಟೆ’ ಅನ್ನೋ ಅಂಕಿ ಹಬ್ಬಿತು.

ಕೋಟೆಬೀದಿ

ರಾತ್ರಿಪಾಳಿ ಅಣ್ಣಾ, ಆ ಕೂಗಾಟ ಎದ್ದದ್ದು ಬಿಡುಗಡೆಗೆ ಒಂದು ವಾರವೂ ಇಲ್ಲದಿರುವಾಗ. ಮುಂಗಡ ಕೊಟ್ಟವರು ಕ್ಯಾನ್ಸಲ್ ಮಾಡುವ ಹೊತ್ತು ಅದು. ಅದಕ್ಕೇ ಕೆಲಸ ಮಾಡಿತು ಅಂತ ನನ್ನ ವಾದ.

ಇದಕ್ಕೆ ಉಲ್ಟಾ ಉದಾಹರಣೆ 2009ರ ‘ಮಾಡರ್ನ್ ವಾರ್‌ಫೇರ್ 2’. ಪಿಸಿಯಲ್ಲಿ ಡೆಡಿಕೇಟೆಡ್ ಸರ್ವರ್ (ಆಟಗಾರರೇ ನಡೆಸಿಕೊಳ್ಳಬಹುದಾದ ಪ್ರತ್ಯೇಕ ಸರ್ವರ್) ಕೊಡುವುದಿಲ್ಲ ಅಂದರು ಅಂತ ಸ್ಟೀಮ್‌ನಲ್ಲಿ ಬಹಿಷ್ಕಾರದ ಗುಂಪು ಕಟ್ಟಿದರು. ಗೇಮ್ ಬಂದ ದಿನ ಅದೇ ಗುಂಪಿನ ಸದಸ್ಯರ ಪಟ್ಟಿಯ ಸ್ಕ್ರೀನ್‌ಶಾಟ್ ಯಾರೋ ಹಾಕಿದರು. ಹೆಸರಿನ ಕೆಳಗೆ ಸಾಲಾಗಿ ‘ಮಾಡರ್ನ್ ವಾರ್‌ಫೇರ್ 2 ಆಡುತ್ತಿದ್ದಾರೆ’ ಅಂತ ತೋರಿಸುತ್ತಿತ್ತು. ಕಂಪನಿಯವರೂ ಆ ಚಿತ್ರ ನೋಡಿರುತ್ತಾರೆ. ಆಮೇಲೆ ಬಹಿಷ್ಕಾರ ಅಂದರೆ ಯಾರು ಹೆದರುತ್ತಾರೆ ಹೇಳಿ?

ಈ ವರ್ಷ ‘ಬಾರ್ಡರ್‌ಲ್ಯಾಂಡ್ಸ್ 4’ ವಿಚಾರದಲ್ಲೂ ಇದೇ ಪರೀಕ್ಷೆ ನಡೆಯಿತು. 80 ಡಾಲರ್ ಆಗುತ್ತದಾ ಅಂತ ಕೇಳಿದವರಿಗೆ ಅದನ್ನು ಮಾಡಿದ ಗೇರ್‌ಬಾಕ್ಸ್ ಕಂಪನಿಯ ಮುಖ್ಯಸ್ಥ ರ‍್ಯಾಂಡಿ ಪಿಚ್‌ಫೋರ್ಡ್, ನಿಜವಾದ ಅಭಿಮಾನಿ ಹೇಗಾದರೂ ದಾರಿ ಹುಡುಕಿಕೊಳ್ಳುತ್ತಾನೆ ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟರು. ಜನ ಕೆರಳಿದರು. ಕೊನೆಗೆ ಬಂದದ್ದು 70ಕ್ಕೆ.

ಪಿಕ್ಸೆಲ್‌ಕೆಲಸ

ಬೆಂಗಳೂರಿನಲ್ಲಿ ಗೇಮ್ ಆರ್ಟ್ ಕೆಲಸ ಮಾಡುತ್ತೇನೆ. ಒಳಗಿನ ಲೆಕ್ಕ ಸ್ವಲ್ಪ ಹೇಳುತ್ತೇನೆ, ಇಲ್ಲಿ ಯಾರೂ ಅದನ್ನು ಎತ್ತಿಲ್ಲ.

ಸ್ಟೀಮ್‌ನಲ್ಲಿ ನೀವು 1,000 ರೂಪಾಯಿ ಕೊಟ್ಟು ಒಂದು ಸಣ್ಣ ಸ್ಟುಡಿಯೋದ ಗೇಮ್ ಕೊಂಡಿರಿ ಅಂತ ಇಟ್ಟುಕೊಳ್ಳಿ. ಅದರಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿದೆ, ಸುಮಾರು 152 ರೂಪಾಯಿ ಅಲ್ಲೇ ಹೋಯಿತು. ಉಳಿದ 848ರಲ್ಲಿ ಸ್ಟೀಮ್ ಪಾಲು 30 ಪರ್ಸೆಂಟ್, ಅಂದರೆ 254. ಸ್ಟುಡಿಯೋಗೆ 593ರ ಹತ್ತಿರ. ಪಬ್ಲಿಷರ್ ಇದ್ದರೆ ಅವರ ಪಾಲು ಇದರಲ್ಲೇ. ಸೇಲ್‌ನಲ್ಲಿ 75 ಪರ್ಸೆಂಟ್ ಇಳಿಸಿ 250ಕ್ಕೆ ಮಾರಿದರೆ ಕೈಗೆ ಸಿಗುವುದು 148. ಎರಡು ವರ್ಷ ನಾಲ್ಕು ಜನ ಕೂತು ಮಾಡಿದ ಗೇಮ್‌ಗೆ ಇಂಥ ಎಷ್ಟು ಮಾರಬೇಕು, ನೀವೇ ಹೇಳಿ.

ಮಾರಾಟ 1 ಕೋಟಿ ಡಾಲರ್ ದಾಟಿದರೆ ಸ್ಟೀಮ್ ಪಾಲು 25ಕ್ಕೆ, 5 ಕೋಟಿ ದಾಟಿದರೆ 20ಕ್ಕೆ ಇಳಿಯುತ್ತದೆ. 2018ರಿಂದ ಹೀಗೆ. ದೊಡ್ಡವರಿಗೆ ರಿಯಾಯಿತಿ, ಸಣ್ಣವರು ಪೂರ್ತಿ ಕೊಡಬೇಕು. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಹಳೇಕ್ಯಾಸೆಟ್ ಸರ್, 80 ಡಾಲರ್ ಆದರೆ ಕೆಲಸ ಮಾಡುವವರಿಗೆ ಒಳ್ಳೆಯದಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. 1997ರಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾದಾಗಿನಿಂದ ಬೆಂಗಳೂರಿನವರು ಹೊರದೇಶದ ಗೇಮ್‌ಗಳಿಗೆ ಕೆಲಸ ಮಾಡುತ್ತಾ ಬಂದಿದ್ದಾರೆ. 2019ರಲ್ಲಿ ಧ್ರುವವನ್ನು ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ಗೇಮ್ ಮಾಡುವ ರಾಕ್‌ಸ್ಟಾರ್ ಕೊಂಡಿತು. ಹೊರಗುತ್ತಿಗೆ ಕೆಲಸದಲ್ಲಿ ಬಿಲ್ ಆಗುವುದು ಜನಕ್ಕೆ, ದಿನಕ್ಕೆ. ಡಬ್ಬಿಯ ಮೇಲಿನ ಬೆಲೆ ಹತ್ತು ಡಾಲರ್ ಏರಿದರೆ ಕಲ್ಲು, ಮರ, ಗೋಡೆ ಮಾಡೆಲ್ ಮಾಡಿಕೊಟ್ಟವನ ಸಂಬಳ ಏರುವುದಿಲ್ಲ.

ಇಷ್ಟಪಟ್ಟು ಕೊಂಡರೆ ಸಾಲದು ಅನ್ನುವುದಕ್ಕೆ ‘ಹೈ-ಫೈ ರಶ್’ ನೋಡಿ. 30 ಡಾಲರ್ ಗೇಮ್, ಎಲ್ಲರೂ ಹೊಗಳಿದರು. 2024ರ ಮೇನಲ್ಲಿ ಅದನ್ನು ಮಾಡಿದ ಟ್ಯಾಂಗೋ ಸ್ಟುಡಿಯೋವನ್ನೇ ಮೈಕ್ರೋಸಾಫ್ಟ್ ಮುಚ್ಚುತ್ತೇವೆ ಅಂದಿತು. ಕೆಲವೇ ತಿಂಗಳಲ್ಲಿ ಕೊರಿಯಾದ ಗೇಮ್ ಕಂಪನಿ ಕ್ರಾಫ್ಟನ್ ಬಂದು ಉಳಿಸಿಕೊಂಡಿತು.

ಬಾಗಲಕೋಟಿ_ಸ್ಕ್ವಾಡ್

ಕ್ರಾಫ್ಟನ್ ಹೆಸರು ಬಂತಲ್ಲ, ಹಾಗಾಗಿ ಕೇಳುತ್ತೇನೆ. ನೀವೆಲ್ಲ 80 ಡಾಲರ್, 4,999 ಅಂತ ಮಾತಾಡುತ್ತಿದ್ದೀರಿ. ನಮ್ಮ ಕಡೆ ಗೇಮ್ ಅಂದರೆ ಫೋನ್, ಫೋನ್ ಅಂದರೆ ಅದೇ ಕ್ರಾಫ್ಟನ್‌ನ ಗುಂಡು ಹೊಡೆಯುವ ಗೇಮ್ ಬಿಜಿಎಂಐ. ಡೌನ್‌ಲೋಡ್ ಫ್ರೀ. ಇಲ್ಲಿ ನಿಮ್ಮ ‘ಕಾಯಿರಿ’ ಅನ್ನುವ ಸೂತ್ರ ಹೇಗೆ ನಡೆಯುತ್ತದೆ?

ನಾನು ರೂಪಾಯಿ ಹಾಕದೆ ಆಡುತ್ತೇನೆ. ನನ್ನಂಥವರು ನೂರು ಜನ ಆಡುವುದನ್ನು ಬಿಟ್ಟರೂ ಅವರಿಗೆ ದುಡ್ಡಿನ ನಷ್ಟ ಇಲ್ಲ. ಹಾಸ್ಟೆಲ್‌ನಲ್ಲಿ ಒಬ್ಬ ಇದ್ದ, ಪಾತ್ರಕ್ಕೆ ಹೊಸ ಸೂಟ್ ಬಂದರೆ ಸಾಕು ಯುಸಿ (ಗೇಮ್ ಒಳಗಿನ ನಾಣ್ಯ) ಕೊಂಡು ಅದೃಷ್ಟದ ಕ್ರೇಟ್ ಒಡೆಯುತ್ತಾ ಕೂರುತ್ತಿದ್ದ. ಬೇಕಾದದ್ದು ಬರುವವರೆಗೆ ಯುಪಿಐ ಪಿನ್ ಹೊಡೆಯುವುದೇ. ಮೆಸ್ ಬಿಲ್ ಬಾಕಿ ಇಟ್ಟು ಹೊಡೆದ ದಿನಗಳೂ ಇವೆ. ಇಡೀ ಗೇಮ್ ನಡೆಯುವುದು ಅಂಥವರ ದುಡ್ಡಿನಿಂದ. ಅವನಿಗೆ ‘ಕಾಯಿ’ ಅಂತ ಯಾರು ಹೇಳುತ್ತಾರೆ? ಆ ಸೂಟ್ ಇನ್ನು ಇಷ್ಟೇ ದಿನ ಅಂತ ಪರದೆ ಮೇಲೆ ಗಡಿಯಾರ ಓಡುತ್ತಿರುತ್ತದೆ.

ಕೋಟೆಬೀದಿ

ಇದು ಸರಿಯಾದ ಪ್ರಶ್ನೆ. ಇಲ್ಲಿ ನನ್ನ ವಾದ ನಡೆಯುವುದಿಲ್ಲ. ಕಾಯಲು ಬಿಡದ ಹಾಗೆಯೇ ಆ ಅಂಗಡಿ ಕಟ್ಟಿರುತ್ತಾರೆ. ಇಂಥ ಕಡೆ ಆಟಗಾರರ ಒಗ್ಗಟ್ಟಿಗಿಂತ ಕಾನೂನು ಬೇಕು. ನಮ್ಮಲ್ಲಿ ಅದು ಪೂರ್ತಿ ಇಲ್ಲ ಅಂತಲೂ ಅಲ್ಲ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ ಬಗ್ಗೆ ಮಾರ್ಗಸೂಚಿ ತಂದಿದೆ. 13 ಬಗೆಯ ಚಾಲಾಕಿತನ ಪಟ್ಟಿ ಮಾಡಿದ್ದಾರೆ. ಸುಳ್ಳು ಅವಸರ ಹುಟ್ಟಿಸುವುದು, ಸಬ್‌ಸ್ಕ್ರಿಪ್ಷನ್ ರದ್ದು ಮಾಡಲು ಬಿಡದಿರುವುದು, ಕೊನೆಗೆ ಬೆಲೆ ಏರಿಸುವುದು ಎಲ್ಲ ಅದರಲ್ಲಿದೆ. ಗೇಮ್‌ಗಳ ಮೇಲೆ ಯಾರಾದರೂ ದೂರು ಕೊಟ್ಟು ನೋಡಬೇಕು. 1915 ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಅಟ್ಲಾಂಟಾದಿಂದ

ಇಲ್ಲಿ ಅಮೆರಿಕದಲ್ಲಿ 80 ಅಂದರೆ 80 ಅಲ್ಲ, ಸೇಲ್ಸ್ ಟ್ಯಾಕ್ಸ್ ಮೇಲೆ ಬೀಳುತ್ತದೆ. ಅಷ್ಟು ಕೊಟ್ಟರೂ ಗೇಮ್ ನಮ್ಮದಾಗುತ್ತದಾ ಅನ್ನೋದು ನನ್ನ ಚಿಂತೆ.

2013 ನೆನಪು ಮಾಡಿಕೊಳ್ಳಿ. ಎಕ್ಸ್‌ಬಾಕ್ಸ್ ಒನ್ ಘೋಷಿಸಿದಾಗ ದಿನಕ್ಕೊಮ್ಮೆ ಇಂಟರ್ನೆಟ್‌ಗೆ ಸೇರಲೇಬೇಕು, ಹಳೆ ಡಿಸ್ಕ್ ಮಾರುವುದಕ್ಕೆ ಕಟ್ಟುಪಾಡು ಅಂತ ಹೇಳಿದ್ದರು. ಸೋನಿ ಅದೇ ಹೊತ್ತಿಗೆ 100 ಡಾಲರ್ ಕಡಿಮೆಗೆ ಪಿಎಸ್4 ಘೋಷಿಸಿ, ನಮ್ಮಲ್ಲಿ ಡಿಸ್ಕ್ ಯಾರಿಗೆ ಬೇಕಾದರೂ ಕೊಡಿ ಅಂದಿತು. ಜೂನ್ ತಿಂಗಳಲ್ಲೇ ಮೈಕ್ರೋಸಾಫ್ಟ್ ಎಲ್ಲ ವಾಪಸ್ ತೆಗೆದುಕೊಂಡಿತು. ನಾವು ಗೆದ್ದೆವು ಅಂತ ಎಲ್ಲರೂ ಕುಣಿದರು. ಈಗ ನೋಡಿ. ಡಿಸ್ಕ್ ಡ್ರೈವ್ ಇಲ್ಲದ ಕನ್ಸೋಲ್ ಮಾರುತ್ತಾರೆ, ಸ್ವಿಚ್ 2ರಲ್ಲಿ ಕೆಲವು ಗೇಮ್‌ಗಳ ಕಾರ್ಡ್ ಒಳಗೆ ಗೇಮೇ ಇರುವುದಿಲ್ಲ, ಡೌನ್‌ಲೋಡ್ ಮಾಡಲು ಬೀಗದ ಕೈ ಮಾತ್ರ. ಅವತ್ತು ಒಂದೇ ದಿನ ಹೇಳಿದ್ದಕ್ಕೆ ಗಲಾಟೆ ಆಯಿತು. ಅದನ್ನೇ ಹತ್ತು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ಮಾಡಿದರು, ಯಾರೂ ಏಳಲಿಲ್ಲ.

2024ರ ಮಾರ್ಚ್‌ನಲ್ಲಿ ಯೂಬಿಸಾಫ್ಟ್ ಕಂಪನಿ ತನ್ನ ಕಾರ್ ರೇಸ್ ಗೇಮ್ ‘ದಿ ಕ್ರೂ’ದ ಸರ್ವರ್ ಬಂದ್ ಮಾಡಿತು. ಒಬ್ಬರೇ ಆಡುವ ಭಾಗವೂ ಸತ್ತಿತು. ಅದರಿಂದ ರಾಸ್ ಸ್ಕಾಟ್ ಅನ್ನುವವರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ (ಗೇಮ್ ಸಾಯಿಸುವುದನ್ನು ನಿಲ್ಲಿಸಿ) ಅನ್ನುವ ಚಳವಳಿ ಶುರು ಮಾಡಿದರು. ಯುರೋಪಿಯನ್ ಒಕ್ಕೂಟಕ್ಕೆ ಕೊಟ್ಟ ಮನವಿ ಈ ಜುಲೈನಲ್ಲಿ 10 ಲಕ್ಷ ಸಹಿ ದಾಟಿತು. ‘ದಿ ಕ್ರೂ 2’ಕ್ಕೆ ಆಫ್‌ಲೈನ್ ಮೋಡ್ ಬಂತು. ಬೆಲೆ ಹತ್ತು ಡಾಲರ್ ಇಳಿದದ್ದಕ್ಕಿಂತ ಇದು ದೊಡ್ಡದು ಅಂತ ನನಗನಿಸುತ್ತದೆ.

ಶಿವಮೊಗ್ಗ_ಪಿಸಿ

ಡಿಸ್ಕ್ ವಿಷಯ ನಮಗೆ ಇನ್ನೂ ಜಾಸ್ತಿ ತಟ್ಟುತ್ತದೆ. ಇಲ್ಲಿ ಕನ್ಸೋಲ್ ಇಟ್ಟುಕೊಂಡವರು ಬದುಕಿರುವುದೇ ಡಿಸ್ಕ್ ಬದಲಾಯಿಸಿಕೊಂಡು. 4,999ಕ್ಕೆ ತಂದು, ಮುಗಿಸಿ, ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ವಾಪಸ್ ಬರುತ್ತದೆ. ಅದು ಹೋದರೆ 4,999 ಅಂದರೆ ಪೂರ್ತಿ 4,999.

ಪಿಸಿಯಲ್ಲಿ ನನ್ನ ಭಯ ಬೇರೆ. ಸ್ಟೀಮ್ 2015ರಲ್ಲಿ ರೂಪಾಯಿ ಬೆಲೆ ತಂದಿತು. ಅದಕ್ಕೆ ಮುಂಚೆ ಎಲ್ಲ ಡಾಲರ್. ಅರ್ಜೆಂಟೀನಾ, ಟರ್ಕಿಯಲ್ಲೂ ಅಲ್ಲಿನ ಹಣದಲ್ಲೇ ಅಗ್ಗದ ಬೆಲೆ ಇತ್ತು. ಹೊರಗಿನವರು ವಿಪಿಎನ್ ಹಾಕಿ, ಅದೇ ದೇಶದಲ್ಲಿ ಇರುವ ಹಾಗೆ ತೋರಿಸಿ, ಅಲ್ಲಿನ ಅಕೌಂಟ್ ಮಾಡಿಕೊಂಡು ಕೊಳ್ಳತೊಡಗಿದರು. ಆ ಎರಡೂ ದೇಶದ ಹಣದ ಬೆಲೆಯೂ ಬೀಳುತ್ತಾ ಹೋಯಿತು. 2023ರ ನವೆಂಬರ್‌ನಲ್ಲಿ ಎರಡಕ್ಕೂ ಡಾಲರ್ ಬಂತು. ನಷ್ಟ ಆದದ್ದು ಅಲ್ಲಿನ ಹುಡುಗರಿಗೆ. ಹಾಗಾಗಿ ‘ನಮ್ಮ ರೀಜನ್ ಅಗ್ಗ, ಗಿಫ್ಟ್ ಮಾಡಿಕೊಡುತ್ತೇನೆ, ಕಮಿಷನ್ ಕೊಡಿ’ ಅಂತ ಇಲ್ಲಿ ಯಾರಾದರೂ ಬರೆದರೆ ದಯವಿಟ್ಟು ರಿಪೋರ್ಟ್ ಮಾಡಿ.

ಹಳೇಕ್ಯಾಸೆಟ್

ಡಬ್ಬಿ ಬೆಲೆ ಏರಿಸಬೇಡಿ ಅಂತ ಹಟ ಹಿಡಿದರೆ ಅವರು ಬೇರೆ ಕಡೆ ಏರಿಸುತ್ತಾರೆ. ನಾನು ಹೇಳುತ್ತಾ ಬಂದದ್ದು ಅದನ್ನೇ. ಔಟರ್ ವರ್ಲ್ಡ್ಸ್ ಇಳಿಸಿದ ಅದೇ ಮೈಕ್ರೋಸಾಫ್ಟ್ ಅಕ್ಟೋಬರ್‌ನಲ್ಲಿ ಗೇಮ್ ಪಾಸ್ ಅಲ್ಟಿಮೇಟ್ ಅನ್ನು ತಿಂಗಳಿಗೆ 20ರಿಂದ 30 ಡಾಲರ್‌ಗೆ ಏರಿಸಿತು. ನಮಗೆ ತಿಂಗಳಿಗೆ 829 ರೂಪಾಯಿ ಇದ್ದದ್ದು 1,389 ಆಯಿತು. ರದ್ದು ಮಾಡುವ ಪುಟಕ್ಕೆ ಜನ ನುಗ್ಗಿ ಪುಟವೇ ತೆರೆಯದ ಹಾಗಾಯಿತು. ಕನ್ಸೋಲ್‌ಗಳೂ ಹಾಗೇ. ಮೊದಲು ವರ್ಷ ಕಳೆದಂತೆ ಇಳಿಯುತ್ತಿದ್ದವು. ಇಲ್ಲಿ ಪಿಎಸ್5 ಡಿಸ್ಕ್ ಮಾಡೆಲ್ 49,990ಕ್ಕೆ ಬಂದು 2022ರಲ್ಲಿ 54,990 ಆಯಿತು.

ಕೋಟೆಬೀದಿ

ಅದು ನಿಜ. ಆದರೆ ಗೇಮ್ ಪಾಸ್ ಒಂದು ಗುಂಡಿ ಒತ್ತಿದರೆ ನಿಲ್ಲುತ್ತದೆ, ಬೇಕಾದ ತಿಂಗಳು ಮಾತ್ರ ಹಾಕಿಕೊಳ್ಳಬಹುದು. ಕಾಯುವವರಿಗೆ ಅಲ್ಲೂ ಜಾಗ ಇದೆ. ಕೊಂಡ ಮೇಲೂ ಸ್ಟೀಮ್‌ನಲ್ಲಿ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಡೌನ್‌ಲೋಡ್ ಶುರುವಾದರೆ ಮಾಮೂಲಾಗಿ ಆ ಬಾಗಿಲು ಮುಚ್ಚಿತು. ಎಲ್ಲಿ ಕೊಳ್ಳುತ್ತೇವೆ ಅನ್ನೋದೂ ಒಂದು ಮತವೇ.

ಪಿಕ್ಸೆಲ್‌ಕೆಲಸ

ಒಂದು ಕೋರಿಕೆ. ಕಾಯಿರಿ ಅನ್ನುವ ಮಾತನ್ನು ಸಣ್ಣ ಸ್ಟುಡಿಯೋಗಳ ಮೇಲೆ ಹಾಗೇ ಹಾಕಬೇಡಿ. ದೊಡ್ಡ ಕಂಪನಿ ಒಂದು ವರ್ಷ ತಡೆದುಕೊಳ್ಳುತ್ತದೆ, ನಾಲ್ಕು ಜನರ ತಂಡ ತಡೆಯುವುದಿಲ್ಲ. ಈಗ ಕೊಳ್ಳಲು ಆಗದಿದ್ದರೆ ವಿಶ್‌ಲಿಸ್ಟ್‌ಗೆ ಹಾಕಿ, ಅದಕ್ಕೆ ದುಡ್ಡಿಲ್ಲ. ಕೊಂಡವರು ಎರಡು ಸಾಲು ರಿವ್ಯೂ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಹತ್ತು ರಿವ್ಯೂ ಆಗುವವರೆಗೆ ಸ್ಟೀಮ್ ಆ ಗೇಮ್‌ಗೆ ಒಟ್ಟು ಅಂಕವನ್ನೇ ತೋರಿಸುವುದಿಲ್ಲ. ನಿಮ್ಮದು ಒಂಬತ್ತನೆಯದೋ ಹತ್ತನೆಯದೋ ಆಗಿರಬಹುದು.

ಬಾಗಲಕೋಟಿ_ಸ್ಕ್ವಾಡ್

ಎಲ್ಲ ಸರಿ, ಜಿಟಿಎ 6? ನವೆಂಬರ್ 19, 2026ಕ್ಕೆ ಮುಂದೂಡಿದ್ದಾರೆ. ಬೆಲೆ ಇನ್ನೂ ಹೇಳಿಲ್ಲ, 100 ಡಾಲರ್ ಅಂತ ಗಾಳಿಮಾತು. ಅದಕ್ಕೂ ಕಾಯುತ್ತೀರಾ?

ಹಳೇಕ್ಯಾಸೆಟ್

ನಾನು ಕಾಯುವುದಿಲ್ಲ. ಎಷ್ಟಾದರೂ ಮೊದಲ ದಿನವೇ ತರುತ್ತೇನೆ. ಹನ್ನೆರಡು ವರ್ಷ ಕಾದದ್ದು ಸಾಕು.

ಕೋಟೆಬೀದಿ

ತನ್ನಿ ಸರ್, ಬೇಡ ಅನ್ನುವವರು ಯಾರು. ಮುಂಗಡ ಬುಕಿಂಗ್ ಮಾತ್ರ ಮಾಡಬೇಡಿ. ಡೌನ್‌ಲೋಡ್ ಕಾಪಿ ಸ್ಟಾಕ್ ಮುಗಿಯುವುದಿಲ್ಲ. 2020ರಲ್ಲಿ ‘ಸೈಬರ್‌ಪಂಕ್ 2077’ ಮುಂಗಡ ಕೊಂಡ ಪಿಎಸ್4 ಜನ ಏನು ಪಟ್ಟರು ನೋಡಿದ್ದೀರಿ, ಸೋನಿಯೇ ಅದನ್ನು ಸ್ಟೋರ್‌ನಿಂದ ತೆಗೆದು ದುಡ್ಡು ವಾಪಸ್ ಕೊಡಬೇಕಾಯಿತು. ಮೊದಲ ದಿನ ಬೆಳಿಗ್ಗೆ ರಿವ್ಯೂ ಓದಿ, ಮಧ್ಯಾಹ್ನ ಕೊಳ್ಳಿ.

ಶಿವಮೊಗ್ಗ_ಪಿಸಿ

ನಮಗೆ ಆ ಚಿಂತೆಯೇ ಇಲ್ಲ. ಘೋಷಿಸಿರುವುದು ಪಿಎಸ್5, ಎಕ್ಸ್‌ಬಾಕ್ಸ್‌ಗೆ ಮಾತ್ರ. ಜಿಟಿಎ 5 ಕನ್ಸೋಲ್‌ಗೆ ಬಂದದ್ದು 2013ರ ಸೆಪ್ಟೆಂಬರ್, ಪಿಸಿಗೆ 2015ರ ಏಪ್ರಿಲ್. ಅಷ್ಟು ಹೊತ್ತಿಗೆ ಹಳೇಕ್ಯಾಸೆಟ್ ಸರ್ ಆಡಿ ಮುಗಿಸಿ ಕೊಳ್ಳಬೇಕಾ ಬೇಡವಾ ಅಂತ ಇಲ್ಲೇ ಬರೆದಿರುತ್ತಾರೆ, ಓದಿಕೊಂಡು ತೀರ್ಮಾನ ಮಾಡುತ್ತೇನೆ.